ಸುಳ್ಳು, ಹುಸಿ, ಖೊಟ್ಟಿ: ಕಿತ್ತೂರು ಸೀಮೆಯ ಒಂದು ಅರ್ಥವಿಚಾರ

ಇಂಗ್ಲಿಷಿನ ‘ಫಾಲ್ಸ್’ ಎಂಬ ಗುಣವಾಚಕಕ್ಕೆ ‘ಸುಳ್ಳು’ ಎಂಬ ಒಂದೇ ಪದವನ್ನು ಕೊಟ್ಟು ನಾವು ಸಾಮಾನ್ಯವಾಗಿ ಮುಗಿಸುತ್ತೇವೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಆಡುಮಾತು ಇಷ್ಟಕ್ಕೆ ಒಪ್ಪುವುದಿಲ್ಲ. ಇಲ್ಲಿ ಮಾತು, ಸುದ್ದಿ, ಸಾಕ್ಷಿ ಸುಳ್ಳಾಗುತ್ತವೆ. ನಾಣ್ಯ, ಸಹಿ, ಕಾಗದಪತ್ರ ಖೊಟ್ಟಿಯಾಗುತ್ತವೆ. ‘ಖೊಟ್ಟಿ’ ಮರಾಠಿಯ ‘ಖೋಟಾ’ಕ್ಕೆ ಸಂಬಂಧಿಸಿದ್ದು. ಹಳಗನ್ನಡದ ‘ಪುಸಿ’ಯಿಂದ ಬಂದ ‘ಹುಸಿ’ಯಾದರೋ ಹುಸಿನಗೆ, ಹುಸಿಮುನಿಸುಗಳಲ್ಲಿ ವಂಚನೆಯ ಸೋಂಕನ್ನೇ ಕಳೆದುಕೊಂಡಿದೆ. (‘ಸುಳ್ಳೇ ಬಂದೆ’ ಎಂಬಲ್ಲಿ ಸುಳ್ಳು ‘ವ್ಯರ್ಥ’ವಾಗುವುದು ಬೇರೆಯೇ ವಿಚಾರ.)

ಈ ಭೇದ ಬರಿಯ ನಿಘಂಟಿನ ಸೂಕ್ಷ್ಮವಲ್ಲ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜ ತೀರಿಕೊಂಡಾಗ, ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ತಿಳಿಸಿದ ಪತ್ರದ ನೈಜತೆಯನ್ನೇ ಸಂದೇಹಿಸಿದನು, ದತ್ತಕವನ್ನು ಮಾನ್ಯಮಾಡಲಿಲ್ಲ. ಅಕ್ಟೋಬರ್ 23ರ ಕಾಳಗದವರೆಗೆ ಬೆಳೆದ ವಿವಾದವಿದು. ಪತ್ರ ಖೊಟ್ಟಿಯೆಂಬ ಶಂಕೆಯಿಂದ ದತ್ತಕವೇ ಸುಳ್ಳೆಂಬ ನಿರ್ಣಯ ಹೊರಡುವುದಿಲ್ಲ. ಸಹಿ ಖೊಟ್ಟಿಯಾದರೂ ದತ್ತಕ ನಡೆದಿರಬಹುದು. ಸಹಿ ನಿಜವಾದರೂ ನಡೆಯದಿರಬಹುದು. ‘ಫಾಲ್ಸ್’ ಎಂಬ ಪದ ಎರಡನ್ನೂ ಒಂದೇ ಹೊದಿಕೆಯಲ್ಲಿ ಮುಚ್ಚುತ್ತದೆ. ಈ ಪ್ರಸಂಗವನ್ನು ಕನ್ನಡದಲ್ಲಿ ಬರೆಯುವಾಗ ‘ಸುಳ್ಳು ದತ್ತಕ’ವೆಂದರೆ ಪತ್ರದ ಮೇಲಿನ ಶಂಕೆಯನ್ನು ನಾವೇ ತೀರ್ಪಾಗಿಸಿದಂತೆ, ‘ಖೊಟ್ಟಿಯೆಂದು ಶಂಕಿಸಲಾದ ಪತ್ರ’ ಎಂಬುದೇ ಸರಿಯಾದ ಪ್ರಯೋಗ.