ಕಾಟಿಗೂ ಹುಲಿಯಷ್ಟೇ ರಕ್ಷಣೆ

ಡೆಂಕಣಿಕೋಟೆ: ತಮಿಳಿನಲ್ಲಿ ಕಾಟ್ಟೆರುಮೈ, ಕನ್ನಡದಲ್ಲಿ ಕಾಟಿ ಅಥವಾ ಕಾಡೆಮ್ಮೆ. ಹೆಸರಿನಲ್ಲಿ ಎಮ್ಮೆ ಇದ್ದರೂ ಕಾನೂನಿನಲ್ಲಿ ಅದಕ್ಕೆ ಹುಲಿ, ಆನೆಗಳ ಸಾಲಿನಲ್ಲೇ ಸ್ಥಾನ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ ಅದು ಸೇರಿದೆ.

ಬೇಟೆಯಾಡಿದರೆ, ಮಾಂಸ ಇಟ್ಟುಕೊಂಡರೆ 3ರಿಂದ 7 ವರ್ಷ ಜೈಲು. 2022ರ ತಿದ್ದುಪಡಿಯ ಪ್ರಕಾರ ದಂಡ ಕನಿಷ್ಠ 25 ಸಾವಿರ ರೂಪಾಯಿ. ಅಂಚೆಟ್ಟಿಯಾಗಲಿ, ಗಡಿಯಾಚೆಯ ಕರ್ನಾಟಕವಾಗಲಿ, ಕಾಯ್ದೆ ಒಂದೇ.

ಬೆಳೆ ತಿಂದಿತು ಎಂಬುದು ಕೊಲ್ಲಲು ಕಾರಣವಾಗದು. ಮನುಷ್ಯರ ಜೀವಕ್ಕೆ ಅಪಾಯವಾದರೆ ಅಥವಾ ಪ್ರಾಣಿ ವಾಸಿಯಾಗದ ಸ್ಥಿತಿಗೆ ತಲುಪಿದರೆ ಮಾತ್ರ ಮುಖ್ಯ ವನ್ಯಜೀವಿ ಪಾಲಕರು ಲಿಖಿತ ಅನುಮತಿ ಕೊಡಬಹುದು. ಹೊಲದ ತಂತಿಗೆ ಕಳ್ಳ ಕರೆಂಟ್ ಕೊಟ್ಟು ಕಾಟಿ ಸತ್ತರೆ ರೈತರೇ ಆರೋಪಿಗಳಾಗುತ್ತಾರೆ. ಬೆಳೆ ಹಾಳಾದಾಗ ಫೋಟೋ ತೆಗೆದಿಟ್ಟು, ತಡಮಾಡದೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಸಲ್ಲಿಸುವುದೇ ಸರಿಯಾದ ದಾರಿ.