ಸಕ್ಕರೆ ಕಾಯಿಲೆಯೂ ವಿಮೆಯ ಅರ್ಜಿಯೂ



ಭಾನುವಾರದ ಬಲಿಪೂಜೆ ಮುಗಿದ ಮೇಲೆ ಇಂಗ್ಲಿಷ್ ಕಾಗದ ಹಿಡಿದು ನಮ್ಮಲ್ಲಿಗೆ ಬರುವವರುಂಟು. ಮಕ್ತಲ್ ಕಡೆಯ ಒಬ್ಬ ತಾಯಿ ತಂದ ಕಾಗದವನ್ನು ಓದಿ ಹೇಳುವುದು ನಮಗೇ ಕಷ್ಟವಾಯಿತು. ಪತಿ ತೀರಿಕೊಂಡಿದ್ದರು. ಅವರಿಗೆ ಮೊದಲೇ ಇದ್ದ ಸಕ್ಕರೆ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಟ್ಟಿದ್ದಾರೆ, ಆದ್ದರಿಂದ ಜೀವವಿಮೆಯ ಹಣ ಕೊಡಲಾಗದು ಎಂದು ಅದರಲ್ಲಿತ್ತು. “ಫಾದರ್, ಅರ್ಜಿ ತುಂಬಿದ್ದು ಏಜೆಂಟರು. ನಮ್ಮವರು ಸಹಿ ಮಾಡಿದರು, ಅಷ್ಟೇ” ಎಂದರು ಆ ತಾಯಿ.

ಆ ‘ಅಷ್ಟೇ’ ಎಂಬುದರಲ್ಲಿಯೇ ತೊಡಕಿದೆ. ಅರ್ಜಿಯನ್ನು ಯಾರೇ ತುಂಬಿರಲಿ, ಸಹಿ ಹಾಕಿದವನು ಅದರ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.

ಸಕ್ಕರೆ ಕಾಯಿಲೆ ಎಂದು ಬರೆದರೆ ಪಾಲಿಸಿಯೇ ಸಿಗದು ಎಂಬ ಭಯ ನಾರಾಯಣಪೇಟೆಯಿಂದ ಗದ್ವಾಲದವರೆಗೂ ನಮ್ಮ ಜನರಲ್ಲಿದೆ. ಕಂತು ಸ್ವಲ್ಪ ಹೆಚ್ಚಾಗಬಹುದು, ನಿಜ. ಆದರೆ ಎರಡು ತೀರ್ಪುಗಳನ್ನು ನೋಡಿರಿ. ಸಕ್ಕರೆ ಕಾಯಿಲೆಯನ್ನೂ ಮೂತ್ರಪಿಂಡದ ತೊಂದರೆಯನ್ನೂ ಹೇಳದೆ ಆರೋಗ್ಯ ವಿಮೆ ಪಡೆದಿದ್ದವರ ಪತ್ನಿ 2009ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಸಕ್ಕರೆ ಕಾಯಿಲೆ ಇದೆಯೆಂದು ಮೊದಲೇ ತಿಳಿಸಿ ಪಾಲಿಸಿ ಪಡೆದು ಅಮೆರಿಕಕ್ಕೆ ಹೋದ ಇನ್ನೊಬ್ಬರಿಗೆ ಅಲ್ಲಿ ಹೃದಯಾಘಾತವಾಯಿತು. ಕಂಪನಿ ಹಣ ಕೊಡಲು ನಿರಾಕರಿಸಿತು. ಕಾಯಿಲೆ ತಿಳಿದೂ ಪಾಲಿಸಿ ಕೊಟ್ಟ ಮೇಲೆ ಅದನ್ನೇ ನೆಪ ಮಾಡಬಾರದೆಂದು 2021ರಲ್ಲಿ ಅದೇ ಕೋರ್ಟ್ ಅವರ ಪರವಾಗಿ ತೀರ್ಪಿತ್ತಿತು. ಹೊಲದಲ್ಲಿ ಬಗ್ಗಿ ದುಡಿಯುವವರಿಗೆ ಇನ್ನೊಂದು ಮಾತು: ಬೆನ್ನುಮೂಳೆಯ ಬೇನೆಯನ್ನು ಬರೆಯದೆ, ಮುಂದೆ ಹೃದಯದ ಕಾಯಿಲೆಯಿಂದ ತೀರಿಕೊಂಡವರ ಪತ್ನಿಗೆ 2015ರಲ್ಲಿ ಸುಪ್ರೀಂ ಕೋರ್ಟ್ ಹಣ ಕೊಡಿಸಿತು. ಆ ಬೇನೆ ಪ್ರಾಣಕ್ಕೆ ಅಪಾಯ ತರುವಂಥದ್ದಲ್ಲ ಎಂಬುದೇ ಕಾರಣ.

ವಿಮಾ ಕಾಯಿದೆಯ 45ನೇ ಕಲಮಿಗೆ 2015ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಜೀವವಿಮೆಯ ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಕಂಪನಿ ಅದನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಆದರೆ ನಿಂತುಹೋದ ಪಾಲಿಸಿಯನ್ನು ಮತ್ತೆ ಚಾಲೂ ಮಾಡಿದರೆ ಮೂರು ವರ್ಷದ ಎಣಿಕೆ ಆ ದಿನದಿಂದ ಹೊಸದಾಗಿ ಶುರುವಾಗುತ್ತದೆ. ಆ ತಾಯಿಯ ವಿಷಯದಲ್ಲಿ ಆದದ್ದು ಇದೇ. ಮಳೆ ಕೈಕೊಟ್ಟ ವರ್ಷ ಕಂತು ನಿಂತಿತ್ತು.

ತೆಲಂಗಾಣ ಸರ್ಕಾರ 2018ರಲ್ಲಿ ಆರಂಭಿಸಿದ ‘ರೈತು ಬೀಮಾ’ದ 5 ಲಕ್ಷ ರೂಪಾಯಿಗೆ ಸಾವಿನ ಕಾರಣವನ್ನು ಲೆಕ್ಕಿಸುವುದಿಲ್ಲ. ಆದರೆ ಅದು 18ರಿಂದ 59 ವಯಸ್ಸಿನ ಪಟ್ಟಾದಾರರಿಗೆ. ಕೌಲಿಗೆ ಭೂಮಿ ಮಾಡುವ ಬಡವರನ್ನು ಹೊರಗಿಟ್ಟದ್ದು ನಮಗೆ ಸರಿಕಾಣದು.

ಹಣ ಕೊಡುವುದಿಲ್ಲವೆಂಬ ಕಾಗದ ಬಂದರೆ ಹರಿದುಹಾಕಬೇಡಿರಿ. ಮೊದಲು ಕಂಪನಿಗೇ ಬರವಣಿಗೆಯಲ್ಲಿ ದೂರು ಕೊಡಿರಿ. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಹೈದರಾಬಾದಿನ ವಿಮಾ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ಎರಡು ವರ್ಷದ ಗಡುವು. ‘ರೈತರಿಗೆ ಅಲ್ಲೇನು ಕೆಲಸ’ ಎನ್ನಬೇಡಿರಿ. ಕೆಟ್ಟ ಬೀಜದ ವಿಷಯದಲ್ಲಿ ಮಹಬೂಬ್‌ನಗರದ್ದೂ ಸೇರಿ ಹಲವು ಗ್ರಾಹಕ ವೇದಿಕೆಗಳು ರೈತರ ಪರ ಕೊಟ್ಟ ಆದೇಶಗಳನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಎತ್ತಿಹಿಡಿದಿದೆ.

ಆ ತಾಯಿಯ ದೂರು ಹೈದರಾಬಾದಿಗೆ ಹೋಗಿದೆ. ಉತ್ತರ ಇನ್ನೂ ಬಂದಿಲ್ಲ. ಹೊಸ ಪಾಲಿಸಿಯ ಅರ್ಜಿ ಓದಿಸಿಕೊಳ್ಳಲು ಬರುವವರು ಸಹಿ ಹಾಕುವ ಮೊದಲೇ ಬನ್ನಿರಿ. ಆಸ್ಪತ್ರೆಯ ಚೀಟಿಗಳನ್ನೂ ಜೊತೆಗೆ ತನ್ನಿರಿ.