ಗಣಕಯಂತ್ರದ ಮುಯ್ಯಾಳು

ದಾಂಡೇಲಿಯಲ್ಲಿ ಒಂದು ಮನೆ ಎಂದಿಟ್ಟುಕೊಳ್ಳಿ. ಹೊರಗೆ ಆಷಾಢದ ಮಳೆ ಬಿಡುವಿಲ್ಲದೆ ಹೊಯ್ಯುತ್ತಿದೆ. ರಾತ್ರಿಯ ಊಟ ಮುಗಿದಿದೆ. ಕಾಲೇಜು ಓದುವ ಮಗ ಗಣಕಯಂತ್ರದ ಮುಂದೆ ಕುಳಿತು ಟಿಪ್ಪಣಿ ಬರೆಯುತ್ತಿದ್ದಾನೆ. ಕ್ಷಣವೊಂದಕ್ಕೆ ಕೋಟ್ಯಂತರ ಲೆಕ್ಕಗಳನ್ನು ಮಾಡಬಲ್ಲ ಆ ಯಂತ್ರಕ್ಕೆ ಈ ಬರವಣಿಗೆ ಒಂದು ಕೆಲಸವೇ ಅಲ್ಲ. ಆನೆಯ ಬೆನ್ನಮೇಲೆ ಹುಲ್ಲುಕಡ್ಡಿ ಹೇರಿದಂತೆ! ಉಳಿದ ಶಕ್ತಿಯೆಲ್ಲ ಹಾಗೆಯೇ ಸೋರಿಹೋಗುತ್ತಿದೆ.

ಈ ಬಿಡುವಿನ ಶಕ್ತಿಯನ್ನು ವಿಜ್ಞಾನದ ಸಂಶೋಧನೆಗೆ ದಾನಮಾಡುವ ಏರ್ಪಾಡೊಂದು ಕಾಲು ಶತಮಾನಕ್ಕೂ ಮಿಗಿಲಾಗಿ ಲೋಕದಲ್ಲಿ ನಡೆದುಬಂದಿದೆಯೆಂದರೆ ಅನೇಕರಿಗೆ ಅಚ್ಚರಿಯಾದೀತು. ಮಲೆನಾಡಿನವರಿಗಾದರೋ ಇದರ ತತ್ತ್ವ ಹೊಸದಲ್ಲ. ನಾಟಿಯ ಕಾಲದಲ್ಲಿ ಹತ್ತು ಮನೆಯವರು ಒಬ್ಬನ ಗದ್ದೆಗಿಳಿದು, ಅವನೊಬ್ಬನಿಂದ ವಾರಗಟ್ಟಲೆ ಆಗದ ಕೆಲಸವನ್ನು ಒಂದೇ ದಿನದಲ್ಲಿ ಮುಗಿಸಿಕೊಡುವ ಮುಯ್ಯಾಳಿನ ಪದ್ಧತಿಯೇ ಇದು. ಗದ್ದೆಯ ಬದಲು ಇಲ್ಲಿ ಲೆಕ್ಕ. ಆಳಿನ ಬದಲು ಯಂತ್ರ. ಒಂದೇ ವ್ಯತ್ಯಾಸವೆಂದರೆ, ಇಲ್ಲಿ ಮುಯ್ಯಿ ಮರಳಿ ಬರುವುದಿಲ್ಲ.

ಆಕಾಶದಿಂದ ಆರಂಭ

ಈ ಕಾರ್ಯಕ್ಕೆ ಲೋಕಪ್ರಸಿದ್ಧಿ ತಂದುಕೊಟ್ಟುದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ‘ಸೆಟಿ ಅಟ್ ಹೋಮ್’ ಯೋಜನೆ. ಪೋರ್ಟೊರಿಕೊ ದ್ವೀಪದ ಅರೆಸಿಬೊ ರೇಡಿಯೊ ದೂರದರ್ಶಕವು ಆಕಾಶದಿಂದ ಹಿಡಿದ ಸದ್ದಿನಲ್ಲಿ, ಅನ್ಯಲೋಕದ ಬುದ್ಧಿಜೀವಿಗಳ ಸಂಕೇತವೇನಾದರೂ ಅಡಗಿದೆಯೇ ಎಂದು ಹುಡುಕುವುದು ಅದರ ಉದ್ದೇಶ. ಆ ಸದ್ದನ್ನೆಲ್ಲ ಚಿಕ್ಕ ಚಿಕ್ಕ ತುಣುಕುಗಳಾಗಿ ಕತ್ತರಿಸಿ, ಅಂತರ್ಜಾಲದ ಮೂಲಕ ಮನೆಮನೆಯ ಗಣಕಯಂತ್ರಗಳಿಗೆ ಹಂಚಿದರು. ೧೯೯೯ರ ಮೇ ೧೭ರಂದು ಆರಂಭವಾದ ಈ ಯೋಜನೆಗೆ ಐವತ್ತು ಲಕ್ಷಕ್ಕೂ ಹೆಚ್ಚು ಜನ ಸೇರಿದರು. ೨೦೨೦ರ ಮಾರ್ಚ್ ೩೧ರಂದು ಹಂಚಿಕೆ ನಿಂತಿತು. ಅನ್ಯಲೋಕದ ಕರೆ ಮಾತ್ರ ಕೇಳಿಬರಲಿಲ್ಲ.

ಹಾಗಾದರೆ ಪಟ್ಟ ಶ್ರಮವೆಲ್ಲ ವ್ಯರ್ಥವೇ? ಹಾಗೆನ್ನಲಾಗದು. ಅದರಿಂದ ದೊರೆತ ಅನುಭವದ ಮೇಲೆಯೇ ಬರ್ಕ್ಲಿಯ ಡೇವಿಡ್ ಆಂಡರ್ಸನ್ ಮತ್ತು ಸಂಗಡಿಗರು ‘ಬೊಯಿಂಕ್’ ಎಂಬ ತಂತ್ರಾಂಶವನ್ನು ಕಟ್ಟಿದರು. ಯಾವ ಶಾಸ್ತ್ರದ ಸಂಶೋಧಕರಾದರೂ ತಮ್ಮ ಲೆಕ್ಕವನ್ನು ಅದರ ಮೂಲಕ ಮನೆಗಳಿಗೆ ಹಂಚಬಹುದಾಯಿತು. ೨೦೦೫ರಲ್ಲಿ ‘ಐನ್‌ಸ್ಟೈನ್ ಅಟ್ ಹೋಮ್’ ಹುಟ್ಟಿಕೊಂಡಿತು. ೨೦೧೦ರಲ್ಲಿ, ಅದೇ ಅರೆಸಿಬೊ ದೂರದರ್ಶಕದ ದಾಖಲೆಗಳನ್ನು ಸೋಸುತ್ತ, ಅಮೆರಿಕದ ಅಯೋವಾದ ದಂಪತಿಗಳೊಬ್ಬರ ಯಂತ್ರ ಮತ್ತು ಜರ್ಮನಿಯ ಮೈಂಟ್ಸ್ ನಗರದ ಒಬ್ಬರ ಯಂತ್ರ, ಸೆಕೆಂಡಿಗೆ ಸುಮಾರು ೪೧ ಬಾರಿ ಗಿರ್ರನೆ ಸುತ್ತುವ ನಕ್ಷತ್ರವೊಂದನ್ನು ಪತ್ತೆಮಾಡಿದವು. ಅದುವರೆಗೆ ಯಾವ ಖಗೋಳಶಾಸ್ತ್ರಜ್ಞನ ಕಣ್ಣಿಗೂ ಬೀಳದ ತಾರೆಯದು!

ರೋಗಗಳ ಬೆನ್ನುಹತ್ತಿ

ಆಕಾಶ ದೂರವೆನಿಸಿದರೆ, ಹತ್ತಿರದ ಸಂಗತಿಯೂ ಉಂಟು. ದೇಹದ ಪ್ರೋಟೀನುಗಳು ಮಡಚಿಕೊಳ್ಳುವ ಬಗೆಯನ್ನು ಲೆಕ್ಕಹಾಕುವ ‘ಫೋಲ್ಡಿಂಗ್ ಅಟ್ ಹೋಮ್’ ೨೦೦೦ದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ೨೦೨೦ರಲ್ಲಿ ಕೋವಿಡ್ ವ್ಯಾಧಿ ಹಬ್ಬಿದಾಗ, ಮನೆಯಲ್ಲೇ ಬಂದಿಗಳಾದ ಜನ ತಮ್ಮ ಯಂತ್ರಗಳನ್ನು ಅದಕ್ಕೆ ಒಪ್ಪಿಸಿದರು. ಅವುಗಳ ಒಟ್ಟು ವೇಗ ಸೆಕೆಂಡಿಗೆ ಒಂದರ ಮುಂದೆ ೧೮ ಸೊನ್ನೆಗಳಷ್ಟು ಲೆಕ್ಕಗಳನ್ನು ಮೀರಿತು. ಆ ಕಾಲದ ಯಾವ ಮಹಾಗಣಕವೂ ಅಷ್ಟನ್ನು ಮುಟ್ಟಿರಲಿಲ್ಲ. ಹನಿ ಹನಿಗೂಡಿದರೆ ಹಳ್ಳವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಐಬಿಎಂ ಸಂಸ್ಥೆ ೨೦೦೪ರಲ್ಲಿ ತೊಡಗಿಸಿದ ‘ವರ್ಲ್ಡ್ ಕಮ್ಯೂನಿಟಿ ಗ್ರಿಡ್’ ೨೦೦೭ರಲ್ಲಿ ಡೆಂಗಿ ಮತ್ತು ಅದರ ಬಳಗದ ವೈರಸ್ಸುಗಳಿಗೆ ಮದ್ದು ಹುಡುಕುವ ಲೆಕ್ಕವನ್ನು ಕೈಗೊಂಡಿತು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟು, ಉತ್ತರ ಕನ್ನಡವನ್ನೂ ಕಾಡಿದ ಮಂಗನ ಕಾಯಿಲೆಯ ವೈರಸ್ಸು ಕೂಡ ಡೆಂಗಿಯ ಕುಲದ್ದೇ. ಆ ಯೋಜನೆ ಮಂಗನ ಕಾಯಿಲೆಗಾಗಿ ನಡೆದುದಲ್ಲ, ನಿಜ. ಆದರೆ ಉಣ್ಣೆಗೆ ಹೆದರಿ ಕಾಡಿಗೆ ಹೋಗುವವರ ನಾಡಿನಲ್ಲಿ ಇಂಥ ಲೆಕ್ಕ ಪರರ ಮನೆಯ ಲೆಕ್ಕವಲ್ಲ.

ಸೇರುವ ಬಗೆ

ಹಳಿಯಾಳದ ಎಂಜಿನಿಯರಿಂಗ್ ವಿದ್ಯಾರ್ಥಿಯಾಗಲಿ, ಮುಂಡಗೋಡದ ವಿಹಾರದಲ್ಲಿ ಧರ್ಮಶಾಸ್ತ್ರದೊಡನೆ ವಿಜ್ಞಾನವನ್ನೂ ಕಲಿಯುವ ಟಿಬೆಟನ್ ಭಿಕ್ಷುವಾಗಲಿ, ಸೇರಲು ಯಾರ ಶಿಫಾರಸೂ ಬೇಡ, ಶುಲ್ಕವೂ ಇಲ್ಲ. ಯೋಜನೆಯವರೇ ನೀಡುವ ತಂತ್ರಾಂಶವನ್ನು ಮಾತ್ರ ಇಳಿಸಿಕೊಳ್ಳಬೇಕು. ಬೇರೆಡೆಯಿಂದ ಪಡೆದುದನ್ನು ನಂಬಲಾಗದು. ಯಂತ್ರದ ಎಷ್ಟು ಭಾಗ, ಯಾವ ಹೊತ್ತು ದುಡಿಯಬೇಕೆಂಬುದನ್ನು ಯಜಮಾನನೇ ಗೊತ್ತುಮಾಡಬಹುದು. ಜೋಯಿಡಾದ ಕಾಡುಹಾದಿಯಲ್ಲಿ ತಂತಿಯ ಮೇಲೆ ಮರ ಬಿದ್ದು ವಿದ್ಯುತ್ತು ಹೋದರೂ ದೊಡ್ಡ ನಷ್ಟವಿಲ್ಲ. ನಡುನಡುವೆ ಉಳಿಸಿಟ್ಟ ಲೆಕ್ಕದಿಂದ ಕೆಲಸ ಮುಂದುವರಿಯುತ್ತದೆ. ಗಡುವು ಮೀರಿದರೆ ಆ ತುಣುಕು ಬೇರೊಂದು ಮನೆಗೆ ಹೋಗುತ್ತದೆ. ತಪ್ಪು ನುಸುಳದಿರಲೆಂದು ಅನೇಕ ಯೋಜನೆಗಳು ಒಂದೇ ತುಣುಕನ್ನು ಎರಡು ಮನೆಗಳಿಗೆ ಕೊಟ್ಟು ಉತ್ತರಗಳನ್ನು ತಾಳೆ ನೋಡುವುದೂ ಉಂಟು.

ತಾಯಿಯ ಪ್ರಶ್ನೆ

ಇಷ್ಟನ್ನೂ ಮಗನ ಬಾಯಿಂದ ಕೇಳಿದ ತಾಯಿ ಒಂದು ಮಾತು ಕೇಳದೆ ಬಿಡುವಳೆ?

“ಅಲ್ಲವೋ, ರಾತ್ರಿಯೆಲ್ಲ ಯಂತ್ರ ಓಡಿದರೆ ಕರೆಂಟಿನ ಬಿಲ್ಲು ಕಟ್ಟುವವರು ಯಾರು?”

ಪ್ರಶ್ನೆ ನ್ಯಾಯವಾದುದೇ. ದುಡಿಯುವ ಯಂತ್ರ ೧೫೦ ವಾಟ್ ಎಳೆಯುವುದೆಂದರೆ, ಹತ್ತು ಗಂಟೆಗೆ ಒಂದೂವರೆ ಯೂನಿಟ್; ತಿಂಗಳಿಗೆ ೪೫ ಯೂನಿಟ್. ಬಿಡುವಿನ ಶಕ್ತಿಯೆಂಬುದು ಬಿಟ್ಟಿ ಶಕ್ತಿಯಲ್ಲ. ಕಾಳಿ ನದಿಯ ತೀರದವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಸೂಪಾ ಅಣೆಕಟ್ಟಿನಲ್ಲಿ ನಿಂತ ನೀರೇ ನಾಗಝರಿಯ ವಿದ್ಯುದಾಗಾರವನ್ನು ತಿರುಗಿಸುತ್ತದೆ. ತಾಲ್ಲೂಕಿನ ಕೇಂದ್ರವಾಗಿದ್ದ ಹಳೆಯ ಸೂಪಾ ಊರು ಆ ಜಲಾಶಯದ ತಳ ಸೇರಿತು; ಕಚೇರಿಗಳು ಜೋಯಿಡಾಕ್ಕೆ ಬಂದವು. ನಾಡಿನ ದೀಪಗಳಿಗಾಗಿ ಮನೆ, ಗದ್ದೆ, ದೇವರಗುಡಿಗಳನ್ನು ಬಿಟ್ಟು ಎದ್ದವರ ನೆರೆಯಲ್ಲಿ ಒಂದು ಯೂನಿಟ್ಟನ್ನೂ ಹಗುರವಾಗಿ ಎಣಿಸಲಾಗದು.

ಆದುದರಿಂದ ವಿವೇಕದ ದಾರಿ ನಡುವಿನದು. ಹೇಗೂ ಯಂತ್ರ ಚಾಲನೆಯಲ್ಲಿರುವಾಗ ಅದರ ಉಳಿದ ಶಕ್ತಿಯನ್ನು ಕೊಡುವುದು. ದಾನಕ್ಕೆಂದೇ ರಾತ್ರಿಯಿಡೀ ಉರಿಸದಿರುವುದು. ಫಲಿತಾಂಶಗಳನ್ನು ಬಹಿರಂಗವಾಗಿ ಪ್ರಕಟಿಸುವ ಯೋಜನೆಯನ್ನೇ ಆರಿಸುವುದು.

ಮಗ ಒಪ್ಪಿದ. ಓದಿನ ಎರಡು ಗಂಟೆ ಯಂತ್ರ ಅವನಿಗೂ ದುಡಿಯಿತು, ಯಾವುದೋ ದೂರದ ಸಂಶೋಧಕನಿಗೂ ದುಡಿಯಿತು. ಹತ್ತು ಗಂಟೆಗೆ ತಾಯಿ ಬಂದು ಜ್ಞಾಪಿಸುವ ಮೊದಲೇ ಅವನು ಗುಂಡಿ ಆರಿಸಿ ಮಲಗಲು ಹೋದ.